ನೊರೆಬಂಡೆ ಹೆಂಗೈತೆ?

ಆಗೆಲ್ಲ ನಮ್ಮ ಹಟ್ಟಿಯಲ್ಲಿ ಬೆಳಗೆದ್ದವರು ಮುಖ ತೊಳೆಯುವ ಮೊದಲೇ ಕೇಳುತ್ತಿದ್ದ ಮಾತು ಒಂದೇ: "ಬಂಡೆ ಹೆಂಗೈತೆ?" ದೇಶಕ್ಕೆ ಸ್ವಾತಂತ್ರ್ಯ ಬಂದು ಹತ್ತು ಹನ್ನೆರಡು ವರ್ಷವಾಗಿದ್ದ ಕಾಲ. ನನಗೂ ಆಗ ಹತ್ತು ವರ್ಷ. ನೀರಿನ ದಂಡೆಯಲ್ಲಿ ಆಡಿ ಬೆಳೆದವರಿಗೆ ನನ್ನ ಮಾತು ಬೇಗ ಹಿಡಿಸೀತು. ಉಳಿದವರು, ಚಿತ್ರದುರ್ಗದ ಸೀಮೆಯಲ್ಲಿ ಅಲೆಯ ಸುದ್ದಿಯೇ ಎಂದು ನಗುತ್ತಾರೆ. ನಗಲಿ ಬಿಡಿ, ನಮ್ಮಲ್ಲಿ ಅಲೆ ಇತ್ತು.

ಹಟ್ಟಿ ಇದ್ದದ್ದು ಹಿರಿಯೂರು ಕಡೆಯ ಗುಡ್ಡದ ಕೆಳಗೆ, ಮಾರಿಕಣಿವೆಯ ಹಿನ್ನೀರಿಗೆ ಅಂಟಿಕೊಂಡು. ಪಡುವಲಿಗೆ ಮುಖ ಮಾಡಿ ನಿಂತರೆ ಹೊಸದುರ್ಗದ ದಿಕ್ಕಿನ ಗುಡ್ಡಗಳವರೆಗೂ ಬರೀ ನೀರು. ಆಷಾಢದ ಗಾಳಿ ಅಲ್ಲಿಂದ ಎದ್ದು, ಮಧ್ಯೆ ತಡೆಯುವವರು ಯಾರೂ ಇಲ್ಲದೆ, ಮೈಲಿಗಟ್ಟಲೆ ನೀರಿನ ಮೇಲೆ ಓಡಿಬರುತ್ತಿತ್ತು. ದಂಡೆಯಿಂದ ಮೂವತ್ತು ಹೆಜ್ಜೆ ಆಚೆ ನೀರಿನಡಿಯಲ್ಲಿ ಒಂದು ದೊಡ್ಡ ಹಾಸುಬಂಡೆ. ಕೆಲವು ವರ್ಷ ಅದು ಪೂರ್ತಿ ಬಯಲಿಗೆ ಬಿದ್ದು ಬಿಸಿಲು ಕಾಯುತ್ತಿತ್ತು, ಕೆಲವು ವರ್ಷ ಆಳಕ್ಕೆ ಹೋಗುತ್ತಿತ್ತು. ನಾನು ಹೇಳುತ್ತಿರುವ ವರ್ಷ ಅದರ ಮೇಲೆ ಸರಿಯಾಗಿ ಮಂಡಿಯುದ್ದ ನೀರು ನಿಂತಿತ್ತು. ಅಷ್ಟು ದೂರ ಸುಮ್ಮನೆ ಬಂದ ಅಲೆಗೆ ಬಂಡೆಯ ಅಂಚು ಕಾಲಿಗೆ ತಗುಲಿದ ಹಾಗಾಗಿ, ಎದ್ದು ನಿಂತು, ಎಡಗಡೆಯಿಂದ ಒಡೆಯುತ್ತಾ ಬಲಕ್ಕೆ ಬಿಳಿಯಾಗಿ ಉರುಳುತ್ತಿತ್ತು. ಅದಕ್ಕೇ ಅದು ನೊರೆಬಂಡೆ.

ಆ ಅಲೆ ಏರಲು ಹಟ್ಟಿಯ ಮಕ್ಕಳಾದ ನಮ್ಮ ವಾಹನ ಕತ್ತಾಳೆ ದಿಂಡು. ಹೊಲದ ಬೇಲಿಯ ಕತ್ತಾಳೆ ಹೂಬಿಟ್ಟು ಒಣಗಿದ ಮೇಲೆ ಅದರ ದಿಂಡು ಎಷ್ಟು ಹಗುರವೆಂದರೆ ಎರಡಾಳುದ್ದದ್ದನ್ನೂ ಒಂದೇ ಹೆಗಲಿಗೆ ಹಾಕಿಕೊಂಡು ಓಡಬಹುದಿತ್ತು. ಮೂರು ತುಂಡನ್ನು ಅದರದೇ ನಾರಿನಿಂದ ಬಿಗಿದು, ಹೊಟ್ಟೆಯ ಮೇಲೆ ಮಲಗಿ, ಬಂಡೆಯ ಆಚೆ ಕಾಯುತ್ತಿದ್ದೆವು. ಸಣ್ಣವು ಏಳೆಂಟು ಹೋಗಲಿ ಎಂದು ಬಿಡಬೇಕು. ಆಮೇಲೆ ಬರುವ ಮೂರು ದೊಡ್ಡವುಗಳಲ್ಲಿ ನಡುವಿನದು ನಮ್ಮದು. ಹಿಡಿದ ಕೂಡಲೇ ಬಲಕ್ಕೆ ವಾಲಿದರೆ ಮರಳಿನ ಮೇಲೆ ಹೋಗಿ ಕೂರುತ್ತಿದ್ದೆವು. ಎಡಕ್ಕೆ ವಾಲಿದರೆ ಬಂಡೆ ಮಂಡಿ ಚಿಪ್ಪಿನ ಚರ್ಮ ಸುಲಿದು ಕಳಿಸುತ್ತಿತ್ತು. ಹಸಿ ನಾರಿನ ರಸ ತಾಗಿ ಹೊಟ್ಟೆಯೆಲ್ಲ ನವೆ. ನೀರಿನಿಂದ ಬಂದವಳಿಗೆ ಅವ್ವ ಬಿಸಿ ಮುದ್ದೆ, ಹುರುಳಿಕಟ್ಟಿನ ಸಾರು ಹಾಕಿ, ತುತ್ತು ನುಂಗುವಷ್ಟು ಹೊತ್ತೂ ಬೈಯುತ್ತಿದ್ದಳು. ಅಂಥ ರುಚಿಯ ಮುದ್ದೆ ನಾನು ಆಮೇಲೆ ಉಂಡಿಲ್ಲ.

ಆದರೆ ಬಂಡೆ ನಮ್ಮೊಬ್ಬರದೇ ಆಗಿರಲಿಲ್ಲ. ಉಣ್ಣೆ ಕತ್ತರಿಸುವ ಮುಂಚೆ ಮೂರು ಹಟ್ಟಿಯ ಕುರಿಗಳನ್ನು ಮೈ ತೊಳೆಯಲು ಅದೇ ಬಂಡೆಯ ಮೇಲೆ ಹತ್ತಿಸುತ್ತಿದ್ದರು. ಕೆಸರಿಲ್ಲದ ಕಲ್ಲುನೆಲ, ಕುರಿಯ ಹೊಟ್ಟೆ ಮುಟ್ಟುವಷ್ಟು ನೀರು. ಅದಕ್ಕಿಂತ ಒಳ್ಳೆಯ ಜಾಗ ಸುತ್ತೆಲ್ಲೂ ಇರಲಿಲ್ಲ. ಆ ಎರಡು ದಿನ ಮಕ್ಕಳು ನೀರಿಗೆ ಇಳಿಯುವಂತಿಲ್ಲ. ನಮಗೆ ಗಾಳಿ ಬೇಕು, ಕುರಿಯವರಿಗೆ ಗಾಳಿ ಬೇಡ. ಉಣ್ಣೆ ನೆನೆದ ಕುರಿಗೆ ಅಲೆ ಬಡಿದರೆ ಭಾರಕ್ಕೆ ಮುಳುಗುತ್ತದೆ, ದಡಕ್ಕೆ ಬಂದರೂ ಆಷಾಢದ ಗಾಳಿಗೆ ನಡುಗಿ ಸಾಯುತ್ತದೆ.

ಗಾಳಿ ಏಳುತ್ತದೋ ಇಲ್ಲವೋ ಎಂದು ಹೇಳುತ್ತಿದ್ದವನು ನನ್ನ ಅಜ್ಜ, ಈರಜ್ಜ. ಕುರಿಗಳು ರೊಪ್ಪದಲ್ಲಿ ಯಾವ ಕಡೆ ಬೆನ್ನು ಹಾಕಿ ಮಲಗಿವೆ, ಒಲೆಯ ಹೊಗೆ ಎತ್ತ ಬಾಗುತ್ತದೆ ಎಂದೆಲ್ಲ ನೋಡಿ, ದಂಡೆಗೆ ಬಂದು ಕೆನ್ನೆ ಪಡುವಲಿಗೆ ತಿರುಗಿಸಿ, ಕೊನೆಗೆ ದೂರದ ನೀರಿನ ಮೇಲೆ 'ಬಿಳಿ' ಇದೆಯೇ ಎಂದು ನೋಡುತ್ತಿದ್ದ. ಬಿಳಿ ಎಂದರೆ ಗುಡ್ಡದ ಬುಡದಲ್ಲಿ ಸುಣ್ಣದ ಗೀಟಿನಂತೆ ಕಾಣುವ ನೊರೆ. ಅದು ಕಂಡರೆ ಹೊತ್ತು ಏರುವಷ್ಟರಲ್ಲಿ ಬಂಡೆಯ ಮೇಲೆ ಅಲೆ ನಿಲ್ಲುತ್ತದೆ ಎಂದೇ ಲೆಕ್ಕ. ಅಜ್ಜ "ತೊಳೀರಿ" ಅಂದರೆ ತೊಳೆಯುತ್ತಿದ್ದರು, "ಬ್ಯಾಡ" ಅಂದರೆ ಮೇಲಿನ ಹಟ್ಟಿಯ ಯಜಮಾನ ಕಾಟಪ್ಪ ಕೂಡ ಮರುಮಾತಿಲ್ಲದೆ ಮಂದೆ ತಿರುಗಿಸಿಕೊಂಡು ಹೋಗುತ್ತಿದ್ದ.

ಇದರಲ್ಲಿ ಒಂದು ಗುಟ್ಟಿತ್ತು. ಅಜ್ಜನಿಗೆ ಹಿಂದಿನ ವರ್ಷದಿಂದಲೇ ಕಣ್ಣು ಮಂಜಾಗಿ, ಹತ್ತು ಹೆಜ್ಜೆ ಆಚೆಯದು ಕಾಣುತ್ತಿರಲಿಲ್ಲ. ಅದು ಗೊತ್ತಿದ್ದದ್ದು ನನಗೊಬ್ಬಳಿಗೇ. ಬೆಳಿಗ್ಗೆ ನನ್ನ ಕೈ ಹಿಡಿದು ದಂಡೆಗೆ ಬರುತ್ತಿದ್ದ. ನೋಡಿದವರಿಗೆ ಮೊಮ್ಮಗಳ ಮೇಲಿನ ಮುದ್ದು.

"ಸಣ್ಣಿ, ಬಂಡೆ ಹೆಂಗೈತೆ?"

"ನೀರು ಬರೀ ನಡುಗ್ತೈತೆ ಕಣಜ್ಜ. ಒಡೀತಿಲ್ಲ."

"ಬಿಳಿ?"

"ಇಲ್ಲ."

"ಇದ್ದಷ್ಟೇ ಹೇಳವ್ವ. ಉಪ್ಪು ಖಾರ ಹಾಕಬ್ಯಾಡ."

ಮೂರು ಹಟ್ಟಿಯ ಕುರಿಗಳು ನನ್ನ ಮಾತಿನ ಮೇಲೆ ನೀರಿಗೆ ಇಳಿಯುತ್ತವೆ ಎಂದು ನನಗೆ ಒಳಗೊಳಗೇ ಜಂಬ. ಯಾರಿಗೂ ಹೇಳುವಂತಿಲ್ಲವಲ್ಲ ಎಂದು ಹೊಟ್ಟೆ ಉಬ್ಬುತ್ತಿತ್ತು.

ಆ ಆಷಾಢದಲ್ಲಿ ಚಿಕ್ಕಜಾಜೂರಿನಿಂದ ಸೋದರತ್ತೆಯ ಮಗ ಶಿವಣ್ಣ ಬಂದ. ನನಗಿಂತ ಒಂದು ವರ್ಷ ದೊಡ್ಡವನು. ಅವನಪ್ಪ ರೈಲ್ವೆಯಲ್ಲಿ ಹಳಿ ನೋಡುವ ಕೆಲಸದಲ್ಲಿದ್ದ. ಶಿವಣ್ಣ ಬಾಯಿ ತೆರೆದರೆ ಎಂಜಿನ್ನು, ಸಿಗ್ನಲ್ಲು, ಜಂಕ್ಷನ್ನು. ಕೇಳಿ ಕೇಳಿ ತಲೆ ಕೆಟ್ಟು ನಾನು, "ನಮ್ಮೂರಾಗೆ ನೀರು ಗೋಡೆ ಹಂಗೆ ಎದ್ದು ನಿಲ್ತೈತೆ. ಅದರ ಮ್ಯಾಲೆ ನಾನು ಸವಾರಿ ಮಾಡ್ತೀನಿ" ಎಂದೆ.

ಅವನು ಬಂದ ದಿನದಿಂದ ಗಾಳಿಯೇ ಇಲ್ಲ. ನೀರು ಎಣ್ಣೆ ಹೊಯ್ದಂತೆ ಮಲಗಿಬಿಟ್ಟಿತು. ಮೂರು ದಿನ ಅವನು ದಂಡೆಯಲ್ಲಿ ಕೂತು ಹುರಿದ ಶೇಂಗಾ ತಿನ್ನುತ್ತಾ ಅಣಕಿಸಿದ. "ಏನೇ ಸಣ್ಣಿ, ಗೋಡೆ ಕಟ್ಟೋ ಗಾರೆಯವರು ಇನ್ನೂ ಬಂದಿಲ್ವಾ?"

ನಾಲ್ಕನೆಯ ಬೆಳಿಗ್ಗೆ ಕಾಟಪ್ಪನ ಮಂದೆ ದಂಡೆಗೆ ಬಂದು ನಿಂತಿತ್ತು. ಉಣ್ಣೆ ಕತ್ತರಿಸುವವರು ಹಟ್ಟಿಗೆ ಬಂದು ಕಾಯುತ್ತಿದ್ದರು. ಮಾರನೆಯ ದಿನ ಮಧ್ಯಾಹ್ನದ ಬಸ್ಸಿಗೆ ಶಿವಣ್ಣ ಹೊರಡುವವನು. ಇವತ್ತು ತೊಳೆಯಲು ಶುರುಮಾಡಿದರೆ ಎರಡು ದಿನ ಬಂಡೆ ಕುರಿಗಳ ಪಾಲು, ನಾನು ಜನ್ಮಕ್ಕೂ ಸುಳ್ಳಿ.

"ಸಣ್ಣಿ, ಏನ್ ಕಾಣ್ತೈತೆ?"

ನೀರಿನಲ್ಲಿ ಗುಡ್ಡ ತಲೆಕೆಳಗಾಗಿ ಅಲುಗದೆ ನಿಂತಿತ್ತು. ನಾನು ಅಜ್ಜನ ಕೈ ಬಿಟ್ಟು, ಅವನಿಗೆ ಕಾಣುತ್ತದೇನೋ ಎಂಬಂತೆ ಬೊಟ್ಟು ಮಾಡಿ, "ಬಿಳಿ ಐತೆ ಕಣಜ್ಜ. ಗುಡ್ಡದ ಬುಡದಾಗೆ, ಉದ್ದಕ್ಕೆ" ಎಂದೆ. ಮಧ್ಯಾಹ್ನಕ್ಕಾದರೂ ಗಾಳಿ ಬಂದೀತು, ಸುಳ್ಳು ತಾನಾಗಿ ನಿಜವಾದೀತು ಎಂದುಕೊಂಡಿದ್ದೆ.

ಅಜ್ಜ ಕೆನ್ನೆ ತಿರುಗಿಸಿ ಬಹಳ ಹೊತ್ತು ನಿಂತ. "ಬಿಳಿ ಐತಾ?"

"ಐತೆ."

"ಹಂಗಾರೆ ಸರಿ." ತಿರುಗಿ ಕೂಗಿದ: "ಕಾಟಪ್ಪ, ಇವತ್ತು ಬ್ಯಾಡ."

ಅವತ್ತು ದಿನವಿಡೀ ಎಲೆ ಅಲುಗಲಿಲ್ಲ. ಬಿಸಿಲು ಕಾಯ್ದು, ಕುರಿ ತೊಳೆಯಲು ವರ್ಷಕ್ಕೊಮ್ಮೆ ಸಿಗುವಂಥ ದಿನ ಕೈತಪ್ಪಿ ಹೋಯಿತು. ಸಂಜೆ ಕಾಟಪ್ಪ ನಮ್ಮ ಜಗಲಿಯ ಮುಂದೆ ನಿಂತು ಎಲ್ಲರಿಗೂ ಕೇಳುವಂತೆ, "ಮುದುಕಂಗೆ ವಯಸ್ಸಾತು. ನಾಳೆಯಿಂದ ನಮ್ಮ ಮಂದೆ ನಾವೇ ನೋಡ್ಕಂತೀವಿ" ಎಂದ. ಅಜ್ಜ ಕಂಬಳಿಗೆ ಉಣ್ಣೆ ಹಿಂಜುತ್ತಾ ಕೂತಿದ್ದ. ತಲೆ ಎತ್ತಿ, "ನಂದೇ ತಪ್ಪಪ್ಪ" ಎಂದ, ಅಷ್ಟೇ. ನನಗೆ ಭೂಮಿ ಬಾಯಿ ಬಿಟ್ಟರೆ ಸಾಕೆನಿಸಿತು.

ಬೆಳಿಗ್ಗೆ ಅಜ್ಜ ಎಂದಿನಂತೆ ಕೈ ಚಾಚಿದ. ದಂಡೆಯಲ್ಲಿ ಕಾಟಪ್ಪನವರು ಆಗಲೇ ಹಳೇ ಸೀರೆ ಹೊಸೆದ ಹಗ್ಗ ಹಿಡಿದು, ಮುಂದಿನ ಟಗರನ್ನು ನೀರಿಗೆ ಎಳೆಯುವ ತಯಾರಿಯಲ್ಲಿದ್ದರು. ನಮ್ಮನ್ನು ಯಾರೂ ಕೇಳಲಿಲ್ಲ. ಬಂಡೆಯ ಮೇಲೆ ನೀರು ಅಲುಗದೆ ನಿಂತಿತ್ತು. ಪಡುವಲಿಗೆ ನೋಡಿದೆ. ಗುಡ್ಡದ ಬುಡದಲ್ಲಿ ಸುಣ್ಣದ ಗೀಟು ಎಳೆದಂತೆ ಬಿಳಿ, ನಾನು ನಿನ್ನೆ ಬಾಯಲ್ಲಿ ಎಳೆದಿದ್ದ ಜಾಗದಲ್ಲೇ.

ಅಳು ಒತ್ತರಿಸಿ ಬಂತು. "ಅಜ್ಜ, ನಿನ್ನೆ ಸುಳ್ಳು ಹೇಳಿದೆ. ಇವತ್ತು ನಿಜವಾಗ್ಲೂ ಬಿಳಿ ಐತೆ. ದೇವರಾಣೆ ಐತೆ."

"ಆಣೆ ಯಾಕವ್ವ. ನಿನ್ನೆ ಹೇಳುವಾಗ ಕೈ ಬಿಟ್ಟಿದ್ದಿ, ಇವತ್ತು ಹಿಡ್ಕಂಡಿದ್ದಿ."

"ನಿಂಗೆ ಗೊತ್ತಿತ್ತಾ?"

"ಕೆನ್ನೆಗೆ ಗಾಳಿನೇ ತಾಗಿರಲಿಲ್ಲ."

"ಮತ್ಯಾಕೆ ಬ್ಯಾಡ ಅಂದೆ?"

"ನಿನ್ನ ಮಾತು ನಂಬದಿದ್ರೆ ನಂಗೆ ಬ್ಯಾರೆ ಕಣ್ಣು ಎಲ್ಲೈತೆ ಸಣ್ಣಿ?" ಎಂದ ಅಜ್ಜ. ಕೋಪದಿಂದಲ್ಲ, ಲೆಕ್ಕ ಹೇಳುವವನಂತೆ.

ಆಮೇಲೆ ಪಂಚೆ ಎತ್ತಿಕಟ್ಟಿ, "ನಡಿ, ಬಂಡೆಗೆ ಹೋಗಾಣ" ಎಂದು ನೀರಿಗಿಳಿದ. ಅವನಿಗೆ ಸೊಂಟದವರೆಗೆ, ನನಗೆ ಕುತ್ತಿಗೆಯವರೆಗೆ ನೀರು. ಇಬ್ಬರೂ ಬಂಡೆ ಹತ್ತಿ, ಮಂದೆಗೆ ಅಡ್ಡವಾಗಿ ನಿಂತೆವು. ಅಜ್ಜ ಕೋಲು ಅಡ್ಡ ಹಿಡಿದು, "ಕುರಿ ಇಳಿಸಬ್ಯಾಡ್ರಿ. ಗಾಳಿ ಬರ್ತೈತೆ" ಎಂದು ಕೂಗಿದ.

"ಏಯ್ ಈರಜ್ಜ, ನಿನ್ನೆ ಬಂದ ಗಾಳಿನೇ ಇದು?" ಎಂದ ಕಾಟಪ್ಪ. ದಂಡೆಯೆಲ್ಲ ನಕ್ಕಿತು. ಅವರಲ್ಲಿ ಶಿವಣ್ಣನೂ ಇದ್ದ.

"ಬರದಿದ್ರೆ ನಾಳೆಯಿಂದ ನಾನು ದಂಡೆಗೆ ಬರಲ್ಲ. ಸ್ವಲ್ಪ ತಡೀರಿ."

ಪಡುವಲಿಗೆ ತಿರುಗಿ ಕಾದೆವು. ನೀರು ತಣ್ಣಗೆ, ಹಿಂದೆ ಟಗರು ಗೊರಗುಟ್ಟುವ ಸದ್ದು, ಗಾಳಿಯಿಲ್ಲದೆ ಹಾಗೇ ನಿಂತಿದ್ದ ನೆನೆದ ಕಂಬಳಿಯ ವಾಸನೆ. ನನಗೆ ಗೊತ್ತಿದ್ದ ದೇವರನ್ನೆಲ್ಲ ಕರೆದೆ. ಬಿಳಿ ಹತ್ತಿರವಾಗುತ್ತಿದೆಯೋ ಇಲ್ಲವೋ ಎಂದು ದಿಟ್ಟಿಸಿ ಕಣ್ಣು ಉರಿಯಿತು. ಕಾಟಪ್ಪನ ತಾಳ್ಮೆ ಮುಗಿದು, ಟಗರಿನ ಮುಂಗಾಲು ನೀರಿಗೆ ಬಿತ್ತು. ಆಗ ಅಜ್ಜನ ಹೆಗಲ ಕಂಬಳಿಯ ಮೂಲೆ ಒಮ್ಮೆ ಎದ್ದು ಬಿತ್ತು.

"ಹೇಳು" ಎಂದ ಅಜ್ಜ.

"ಸಣ್ಣವು ಬಂದ್ವು... ಐದು, ಆರು... ಅಜ್ಜ, ಹಿಂದೆ ದೊಡ್ಡದು ಐತೆ. ನಿನ್ನ ಸೊಂಟದಷ್ಟು. ಬಂಡೆ ಅಂಚಿಗೆ ಬಂತು. ಎದ್ದು ನಿಂತ್ಕಂತು!"

ಅಲೆ ನಮ್ಮಿಬ್ಬರ ಮೇಲೆ ಒಡೆಯಿತು. ಅಜ್ಜ ನನ್ನನ್ನು ತಬ್ಬಿ ಕೋಲೂರಿ ನಿಂತ. ಎರಡನೆಯದಕ್ಕೆ ಕೋಲು ಹೋಯಿತು. ಮೂರನೆಯದು ಬರುವಷ್ಟರಲ್ಲಿ ಕಾಟಪ್ಪನೇ ನೀರಿಗೆ ಹಾರಿ, ಇಬ್ಬರನ್ನೂ ತೋಳಿಗೆ ಸಿಕ್ಕಿಸಿಕೊಂಡು ದಡಕ್ಕೆ ಎಳೆದು ಹಾಕಿದ. ಟಗರು ಆಗಲೇ ಗುಡ್ಡದ ಕಡೆ ಓಟ ಕಿತ್ತಿತ್ತು, ಮಂದೆ ಅದರ ಹಿಂದೆ. ಒಂದು ಕುರಿಯೂ ನೆನೆದಿರಲಿಲ್ಲ.

ಏದುಸಿರು ಬಿಡುತ್ತಾ ಕಾಟಪ್ಪ ಎಲ್ಲರತ್ತ ತಿರುಗಿ, "ಹದ್ದಿನ ಕಣ್ಣು ಕಣ್ರಪ್ಪ ಈ ಮುದುಕಂದು! ನಮಗ್ಯಾರಿಗಾದ್ರೂ ಕಂಡಿತ್ತಾ?" ಎಂದ. ಅಜ್ಜ ಗಂಭೀರವಾಗಿ ತಲೆಯಾಡಿಸಿ, ನನ್ನ ಅಂಗೈಯನ್ನು ಮೆಲ್ಲಗೆ ಚಿವುಟಿದ. ನಗು ತಡೆಯಲಾರದೆ ನಾನು ಅವನ ಒದ್ದೆ ಕಂಬಳಿಯಲ್ಲಿ ಮುಖ ಮುಚ್ಚಿಕೊಂಡೆ.

ಬಸ್ಸಿಗೆ ಮುಂಚೆ ಶಿವಣ್ಣನಿಗೂ ಒಂದು ಅಲೆ ಸಿಕ್ಕಿತು. ಬಲಕ್ಕೆ ವಾಲು ಎಂದು ನೂರು ಸಲ ಹೇಳಿದ್ದೆ. ಎಡಕ್ಕೇ ವಾಲಿದ. ಎರಡೂ ಮಂಡಿಗೆ ಅರಿಶಿನ ಮೆತ್ತಿಕೊಂಡು ಕುಂಟುತ್ತಾ ಬಸ್ಸು ಹತ್ತಿ, ಕಿಟಕಿಯಿಂದ ತಲೆ ಹೊರಹಾಕಿ, "ಲೇ ಸಣ್ಣಿ, ಎಂಜಿನ್ನಿಗಿಂತ ಜೋರೈತೆ ಕಣೆ!" ಎಂದು ಕೂಗಿದ. ಆ ಮಾತು ಇವತ್ತಿಗೂ ನನಗೆ ಪದಕ ಇದ್ದಂತೆ. ಆ ಮಧ್ಯಾಹ್ನವಿಡೀ ಅಜ್ಜ ದಂಡೆಯಲ್ಲಿ ಕೂತು, ನಾನು ಒಂದೊಂದು ಅಲೆ ಮುಗಿಸಿ ಬಂದಾಗಲೂ ಹೇಳಿಸಿಕೊಂಡ: ಎಲ್ಲಿ ಎದ್ದಿತು, ಎಷ್ಟೆತ್ತರ, ಎಲ್ಲಿ ಬಿಟ್ಟಿತು. ನಾನು ಇದ್ದಷ್ಟೇ ಹೇಳಿದೆ. ನಾಲ್ಕು ದಿನ ಕಳೆದು ಗಾಳಿ ನಿಂತಾಗ ಕಾಟಪ್ಪ ಅಜ್ಜನನ್ನು ಕೇಳಿಯೇ ಕುರಿ ತೊಳೆಸಿದ. ಅಜ್ಜ ಇನ್ನೂ ಆರು ವರ್ಷ ಬದುಕಿದ್ದ, ಗುಟ್ಟು ಅವನ ಜೊತೆಗೇ ಹೋಯಿತು. ಈಗ ನಿಮಗೆ ಹೇಳಿದ್ದೇನೆ.

ಈಗ ಆ ಗುಡ್ಡಗಳ ಮೇಲೆಲ್ಲ ಗಾಳಿಯಂತ್ರಗಳು ತಿರುಗುತ್ತವೆ. ಉಣ್ಣೆ ಕೇಳುವವರಿಲ್ಲ, ತೊಳೆಸುವವರೂ ಇಲ್ಲ. ಈಚೆಗೆ ಕಣಿವೆ ತುಂಬಿ ಕೋಡಿ ಬಿತ್ತೆಂದು ಊರೂರಿನಿಂದ ಜನ ನೋಡಲು ಬಂದರು. ನಾನೂ ತಮ್ಮನ ಮೊಮ್ಮಗಳ ಜೊತೆ ಹೋದೆ. ಎಷ್ಟು ವರ್ಷದಿಂದ ಈ ಸೀಮೆ ಬೇಡಿಕೊಂಡ ನೀರು! ಕಂಡು ಕೈಮುಗಿದೆ, ಸಂತೋಷದಿಂದಲೇ. ಆಮೇಲೆ ನಮ್ಮ ದಂಡೆಯ ಕಡೆ ನಡೆದೆ. ಹುಡುಗಿ ಫೋನ್ ನೋಡಿ, "ಅಜ್ಜಿ, ಮಧ್ಯಾಹ್ನದಿಂದ ಗಾಳಿ ಜೋರಂತೆ" ಎಂದಳು. ಗಾಳಿ ಅದು ಹೇಳಿದ ಹೊತ್ತಿಗೇ ಬಂತು. ಅಲೆಗಳೂ ಬಂದವು, ಸಣ್ಣವು ಏಳೆಂಟು, ಹಿಂದೆ ದೊಡ್ಡವು ಮೂರು. ಬಂಡೆ ಇದ್ದ ಜಾಗದ ಮೇಲೆ ಅವು ತಲೆ ಎತ್ತದೆ, ನಿಲ್ಲದೆ, ಸುಮ್ಮನೆ ಹಾದುಹೋದವು.

ಯಾರೂ ಕೇಳದಿದ್ದರೂ ಹೇಳಬೇಕೆನಿಸಿತು. ಖಾಲಿ ಕೈಯನ್ನು ಪಕ್ಕಕ್ಕೆ ಚಾಚಿ ಹೇಳಿದೆ: "ಬಂಡೆ ಮ್ಯಾಲೆ ನಾಕಾಳು ನೀರು ನಿಂತೈತೆ ಕಣಜ್ಜ. ಒಡೀತಿಲ್ಲ. ಇರಾದು ಇಷ್ಟೇ."