ಸಾರಾಯಿ ಅಂಗಡಿಯ ಕೆಂಪು ಗಂಟು

ರೆಕಾರ್ಡ್ ರೂಮಿನ ಕಾಕಾ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಬಾಗಿಲಲ್ಲಿ ನಿಂತರೆ ದರೋಡೆಗೆ ಬಂದವರ ಹಾಗೆ ಕಾಣುತ್ತಿದ್ದರು. ಅದು ಧೂಳಿಗೆ. ಒಳಗೆ ಕಾಲಿಡುವ ಮುಂಚೆ ಚಪ್ಪಾಳೆ ತಟ್ಟಿ, "ಬಂದೆ ನೋಡ್ರಿ, ಸರೀರಿ" ಎಂದು ಕತ್ತಲೆಗೆ ಹೇಳುತ್ತಿದ್ದರು. ಇಲಿಗೂ ಹಾವಿಗೂ ಅಷ್ಟು ಮರ್ಯಾದೆ. ಇಂಥ ಮನುಷ್ಯನಿಗೆ ನಾನು ಫೋನಿನಲ್ಲಿ ಸುಳ್ಳು ದನಿ ತೆಗೆದೆ. ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದು, ಬುದ್ಧಿಗೇಡಿತನವೂ ನನ್ನದೇ.

ಮಿಮಿಕ್ರಿ ನನ್ನ ಹೊಟ್ಟೆಪಾಡು. ಊರವರೆಲ್ಲರ ದನಿ ನನ್ನ ಗಂಟಲಲ್ಲಿದೆ. ನನ್ನ ಸ್ವಂತ ದನಿಯಲ್ಲಿ ಮಾತಾಡಿದರೆ ಮಾತ್ರ ಅವ್ವ ಕೂಡ ನಂಬುವುದಿಲ್ಲ. ಎಲ್ಲರೂ ಕೇಳಿ ಮಾಡಿಸುವ ನನ್ನ ಐಟಂ ಎಂದರೆ ಬ್ಯಾಡಗಿಯ ಹಳೇ ಸಾರಾಯಿ ಅಂಗಡಿ. ಮೆಣಸಿನಕಾಯಿ ಚೀಲ ಹೊತ್ತ ಹಮಾಲರು ಸಂಜೆ ಅಲ್ಲಿ ಸೇರಿ, ಸೀನುತ್ತ ಕುಡಿಯುತ್ತಿದ್ದರಂತೆ. ಹಾಗೆಂದು ಹಮಾಲನಾಗಿದ್ದ ನನ್ನಜ್ಜ ಹೇಳಿದ್ದ. ರಾಣೇಬೆನ್ನೂರಿನ ಒಂದು ಕಾರ್ಯಕ್ರಮದಲ್ಲಿ ಹಿರಿಯರೊಬ್ಬರು ಎದ್ದು ನಿಂತು, "ಅಂಥಾ ಅಂಗಡಿ ಬ್ಯಾಡಗ್ಯಾಗ ಇರಲೇ ಇಲ್ಲ. ನಿಮ್ಮಜ್ಜ ಕುಡದು ಹೇಳ್ಯಾನ" ಅಂದರು. ಆವತ್ತು ನಾನು ತಾಸುಗಟ್ಟಲೆ ಒದರಿದ್ದಕ್ಕಿಂತ ಜನ ಆ ಒಂದು ಮಾತಿಗೆ ಹೆಚ್ಚು ನಕ್ಕರು.

ಅಜ್ಜನ ಮಾನ ಉಳಿಸಲು ಹಾವೇರಿಯ ಒಂದು ಸರ್ಕಾರಿ ಕಚೇರಿಗೆ ಅರ್ಜಿ ಹಾಕಿದೆ. ಹಳೇ ಸಾರಾಯಿ ಹರಾಜಿನ ಕಾಗದಗಳು ಅಲ್ಲಿ ಕೆಂಪು ಬಟ್ಟೆಯ ಗಂಟುಗಳಲ್ಲಿದ್ದವು. ಸಾಹೇಬರ ಅಪ್ಪಣೆಯಿಲ್ಲದೆ ಗಂಟು ಬಿಚ್ಚುವ ಹಾಗಿಲ್ಲ. ಸಾಹೇಬರು ಅರ್ಜಿ ನೋಡುವ ಲಕ್ಷಣವಿಲ್ಲ. ಹೋದಾಗಲೆಲ್ಲ ಕಾಕಾ ಹಲಗೇರಿಯ ಮನೆಯಿಂದ ತಂದ ರೊಟ್ಟಿ ಮುರಿದು ಕೊಟ್ಟು, "ಕಾಗದಕ್ಕೇನು ಅವಸರ ಐತಿ? ತಿನ್ನು" ಅನ್ನುತ್ತಿದ್ದರು. ಅವಸರ ಇದ್ದದ್ದು ನನಗೆ.

ಒಂದು ಮಧ್ಯಾಹ್ನ ಎದುರಿನ ಚಹಾದಂಗಡಿಯಿಂದ ರೆಕಾರ್ಡ್ ರೂಮಿಗೆ ಫೋನ್ ಹಚ್ಚಿದೆ. ಸಾಹೇಬರ ಮೂಗಿನ ದನಿ, ನಡುನಡುವೆ ಗಂಟಲು ಕೆರೆಯುವ ಚಟ, ಎಲ್ಲ ಕೂಡಿಬಂತು. "ಬ್ಯಾಡಗಿ ಸಾರಾಯಿ ಅಂಗಡಿ ಗಂಟು ಐತೆಲ್ಲ, ಬಿಚ್ಚಿ ಆ ಹುಡುಗಗ ತೋರ್ಸು. ಮತ್ತ, ಊಟ ಆತೇನು?"

"ಆತ್ರಿ ಸಾಹೇಬ್ರ," ಅಂದರು ಕಾಕಾ.

ಏನೂ ಅರಿಯದವನ ಹಾಗೆ ಒಳಗೆ ಹೋದೆ. ಗಂಟು ಬಿಚ್ಚಿದರು. ಅಂಗಡಿ ಇತ್ತು. ನೆರೆಯವರ ತಕರಾರು ಅರ್ಜಿಯೂ ಇತ್ತು: ಹಮಾಲರ ಮೈಮೇಲಿನ ಖಾರದ ಧೂಳಿಗೆ ಓಣಿಯೆಲ್ಲ ಸೀನುತ್ತಿದೆ, ದಯಮಾಡಿ ಅಂಗಡಿ ಎತ್ತಿಸಿರಿ. ನಕಾಶೆ ನೋಡಿದರೆ, ಈಗ ಕೋಲ್ಡ್ ಸ್ಟೋರೇಜಿನ ಗೇಟಿರುವ ಜಾಗ. ಅಜ್ಜ ಸೀನಿದ್ದು ಖರೇ. ನಾನು ನಗುತ್ತಿರುವಾಗಲೇ ಬಾಗಿಲಲ್ಲಿ ಯಾರೋ ಗಂಟಲು ಕೆರೆದರು. ಈ ಸಲ ಕೆರೆದದ್ದು ನಾನಲ್ಲ.

"ಇದನ್ನ ಬಿಚ್ಚಾಕ ಯಾರು ಹೇಳಿದ್ರು?" ಅಂದರು ಸಾಹೇಬರು.

ಊರಿನ ದನಿಯೆಲ್ಲ ಇದ್ದವನಿಗೆ ಒಂದೂ ಒದಗಲಿಲ್ಲ. ನೀವೇ ಫೋನ್ ಮಾಡಿದ್ರೆಲ್ಲ ಎಂದು ಕಾಕಾ ಬಾಯಿಬಿಟ್ಟರೆ ನಾನು ಸೀದಾ ಪೊಲೀಸ್ ಠಾಣೆಗೆ.

"ನಾನ ಬಿಚ್ಚೇನ್ರಿ. ಗಂಟಿನ ಅರಿವಿಗೆ ಹುಳ ಹತ್ತಿತ್ತು. ಹುಡುಗನ್ನ ಧೂಳ ಝಾಡಸಾಕ ಕರದೇನಿ," ಅಂದರು ಕಾಕಾ.

"ಅಪ್ಪಣಿ ಇಲ್ದ? ನಾಳೆ ಬರದು ಕೊಡು. ನಿವೃತ್ತಿ ಹತ್ರ ಬಂತಂತ ಸಲಗಿ ಬ್ಯಾಡ. ನಿನ್ನ ಪೆನ್ಶನ್ ಕಾಗದ ನನ್ನ ಟೇಬಲ್ ಮ್ಯಾಲನ ಐತಿ."

ಬ್ಯಾಡಗಿಗೆ ಮರಳುವಾಗ ಕಂಡಕ್ಟರ್ ಸೀಟಿ ಊದಿದರೂ ಪೊಲೀಸರೆಂದು ತಿರುಗಿ ನೋಡಿದೆ. ಮೊದಲು ಹೆದರಿದ್ದು ನನ್ನ ಸಲುವಾಗಿಯೇ, ಸುಳ್ಳೇಕೆ. ಆಮೇಲೆ ಆ ಪೆನ್ಶನ್ ಕಾಗದ ಕಣ್ಣ ಮುಂದೆ ಬಂತು. ಸಾಹೇಬರೇ ಹೇಳಿ ಮರೆತಿದ್ದಾರೆ, ಎದುರು ಮಾತೇಕೆ ಎಂದು ಆ ಬಡಪಾಯಿ ತಪ್ಪನ್ನು ತಲೆ ಮೇಲೆ ಹಾಕಿಕೊಂಡಿದ್ದಾರೆ ಎಂದುಕೊಂಡೆ. ನನ್ನ ಒಂದು ತಮಾಷೆ ಅವರ ಮುಪ್ಪಿನ ರೊಟ್ಟಿಯನ್ನೇ ಕಸಿಯಲಿತ್ತು.

ಬೆಳಿಗ್ಗೆ ಅವರು ಬಸ್ಸು ಬದಲಿಸುವ ರಾಣೇಬೆನ್ನೂರು ಸ್ಟ್ಯಾಂಡಿಗೆ ಹೋಗಿ ಕಾದೆ. ಹಾವೇರಿ ಬಸ್ಸಿನಲ್ಲಿ ಪಕ್ಕಕ್ಕೆ ಕೂತು ಎಲ್ಲ ಹೇಳಿಬಿಟ್ಟೆ. "ಫೋನ್ ಮಾಡಿದಾವ ನಾನ್ರಿ ಕಾಕಾ. ಸಾಹೇಬ್ರ ಮುಂದ ನಾನ ಒಪ್ಕೋತೇನಿ."

"ಬಾಯಿ ಮುಚ್ಚಕೊಂಡು ಕುಂದ್ರು. ನೀ ಬಾಯಿ ತಗದ್ರನ ಕಷ್ಟ," ಅಂದರು. ಹಾವೇರಿಯಲ್ಲಿ ಇಬ್ಬರೂ ಇಳಿದೆವು.

ಅವರು ಸಾಹೇಬರ ಕೋಣೆಗೆ ಹೋದರು. ನಾನು ವರಾಂಡದ ಕಂಬ ಹಿಡಿದು ನಿಂತೆ. ಒಳಗಿಂದ ಬೈಗುಳ ಕೇಳಿತು, ನಿಂತಿತು, ಮತ್ತೆ ಕೇಳಿತು. ಕಾಕಾ ಹೊರಗೆ ಬಂದು ಕರವಸ್ತ್ರ ಕಟ್ಟಿಕೊಳ್ಳುತ್ತ, "ಹುಳ ಹತ್ತಿದ್ದು ಖರೇ ಇದ್ರ ಎಲ್ಲಾ ಗಂಟೂ ಬಿಸಲಿಗೆ ಹಾಕು ಅಂದಾನ. ಪೆನ್ಶನ್ ಕಾಗದಕ್ಕ ಸಹಿ ಬಿತ್ತು. ಹೊರು ಬಾ, ಹಮಾಲನ ಮೊಮ್ಮಗ," ಅಂದರು.

ಕಾಕಾ ಈ ವರ್ಷ ಮುಂಗಾರಿಗೆ ಮುಂಚೆ ತೀರಿಕೊಂಡರು. ಹಲಗೇರಿಗೆ ಮಣ್ಣಿಗೆ ಹೋಗಿದ್ದೆ. ಯಾರನ್ನೂ ಅಣಕಿಸದೆ ಬಿಡದ ನಾನು ಅವರ ದನಿ ಮಾತ್ರ ಇವತ್ತಿಗೂ ತೆಗೆದಿಲ್ಲ.

ಅವತ್ತು ಅಂಗಳದಲ್ಲಿ ಗಂಟು ಹರವುತ್ತ ಕೇಳಿದ್ದೆ, "ಅದು ಸಾಹೇಬ್ರ ದನಿ ಅಲ್ಲಂತ ನಿಮಗ ಒಂಚೂರೂ ಅನುಮಾನ ಬರಲಿಲ್ಲೇನ್ರಿ ಕಾಕಾ?"

ಕಾಕಾ ಕರವಸ್ತ್ರವನ್ನು ಗದ್ದಕ್ಕೆ ಇಳಿಸಿದರು. "ದನಿ ಅವಂದ ಇತ್ತು ಬಿಡು. ಆದ್ರ ಇಷ್ಟು ವರ್ಷದಾಗ ಯಾವ ಸಾಹೇಬ ನನಗ ಊಟ ಆತೇನು ಅಂತ ಕೇಳ್ಯಾನ? ನೀ ಕೇಳಿದಿ, ಅದಕ್ಕ ಗಂಟು ಬಿಚ್ಚಿದೆ."