ದೋಬ್ರಿನಕ್ಕನ ಅಂಗಡಿಯ ವಿಳಾಸ

ನನ್ನ ಕೈಬರಹ ಚೆನ್ನಾಗಿಲ್ಲ. ಹತ್ತನೆಯ ತರಗತಿಗೇ ಶಾಲೆ ಬಿಟ್ಟಿದ್ದರಿಂದ ಪದಗಳೂ ಸಾಲುವುದಿಲ್ಲ, ಓದುವವರು ಕ್ಷಮಿಸಬೇಕು. ತಪ್ಪಾಗಬಾರದೆಂದು ಈ ಹಾಳೆಯನ್ನು ಮೂರನೆಯ ಸಲ ಬರೆಯುತ್ತಿದ್ದೇನೆ.

ದೋಬ್ರಿನಕ್ಕ ನಮ್ಮೂರು ಟ್ರೋಯಾನ್‌ಗೆ ಬಂದದ್ದು ನಾಲ್ಕು ವರ್ಷದ ಹಿಂದೆ, ಒಂದು ಚೀಲ ಉಣ್ಣೆ ಹಿಡಿದು. ಅವಳು ಬಿಟ್ಟು ಬಂದ ಊರು ವಿದಿನ್‌ನಲ್ಲಿ ಗಂಡ ಅವಳ ಎಡಗೈಯ ಎರಡು ಬೆರಳು ಮುರಿದಿದ್ದ. ಅವನ್ನು ಈಗಲೂ ಮಡಚಲಾಗುವುದಿಲ್ಲ. ಆ ಕೈಯಲ್ಲೇ ಅವಳು ಮನೆಯೊಳಗೆ ಹಾಕುವ ಉಣ್ಣೆಯ ಕಾಲುಚೀಲ ಹೆಣೆಯುತ್ತಾಳೆ. ಎಂದೂ ಬಾಗಿಲಿಗೆ ಬೆನ್ನು ಮಾಡಿ ಕೂರುವುದಿಲ್ಲ.

ಅವಳ ಆನ್‌ಲೈನ್ ಅಂಗಡಿಯನ್ನು ಮಾಡಿಕೊಟ್ಟವಳು ನಾನು. ವಿಳಾಸದ ಜಾಗಕ್ಕೆ ಬಂದಾಗ, ಗಂಡ ಹುಡುಕಿಕೊಂಡು ಬಂದಾನೆಂದು ಕೈ ನಿಂತಿತು. ನಮ್ಮಲ್ಲಿ ಕೊಂಡವರು ಕೊರಿಯರ್ ಕಚೇರಿಗೆ ಹೋಗಿ, ಪೊಟ್ಟಣ ಬಿಚ್ಚಿ ನೋಡಿ, ಹಿಡಿಸಿದರೆ ದುಡ್ಡು ಕೊಟ್ಟು ಒಯ್ಯುತ್ತಾರೆ. ಮಾರುವವರ ಮನೆ ಎಲ್ಲೆಂದು ಯಾರೂ ಕೇಳುವುದಿಲ್ಲ. ಹಾಗಾಗಿ ಕೊರಿಯರ್ ಕಚೇರಿಯ ವಿಳಾಸವನ್ನೇ ಬರೆದೆ. ತಪ್ಪೆಂದು ತೋಚಲೇ ಇಲ್ಲ.

ಕಳೆದ ಸೋಮವಾರ ಆ ಕಚೇರಿಯ ಸ್ತಾನಿಮಿರ್ ನಮ್ಮನ್ನು ಕಂಡವನೇ ಒಂದು ಲಕೋಟೆ ಬೀಸಿದ. “ಏನ್ ದೋಬ್ರಿನಕ್ಕ, ನೀವು ಇಲ್ಲೇ ವಾಸ ಅಂತೆ? ಮೊದ್ಲೇ ಹೇಳ್ಬಾರ್ದಾ, ತಕ್ಕಡಿ ಪಕ್ಕ ಹಾಸಿಗೆ ಹಾಸ್ತಿದ್ದೆ!”

ಅಕ್ಕ ನಗಲಿಲ್ಲ. ಪತ್ರ ಗ್ರಾಹಕರ ದೂರು ನೋಡುವ ಸರ್ಕಾರಿ ಕಚೇರಿಯದು. ಕಾಲುಚೀಲ ಚಿಕ್ಕದಾಯಿತೆಂದು ಒಬ್ಬ ಹೆಂಗಸು ಹಿಂದಿರುಗಿಸಲು ಹೊರಟು, ಆ ವಿಳಾಸದಲ್ಲಿ ಅಂಥ ಅಂಗಡಿಯೇ ಇಲ್ಲವೆಂದು ತಿಳಿದು ದೂರು ಕೊಟ್ಟಿದ್ದಳು. ಹತ್ತು ದಿನದೊಳಗೆ ಮಾರುವವರ ನಿಜವಾದ ಹೆಸರೂ ವಿಳಾಸವೂ ಅಂಗಡಿಯ ಪುಟದಲ್ಲಿ ಕಾಣಬೇಕು. ಇಲ್ಲವಾದರೆ ಅಂಗಡಿ ಮುಚ್ಚಬೇಕು.

ನಾನು ಆ ಸರ್ಕಾರಿ ಕಚೇರಿಗೆ ಫೋನ್ ಮಾಡಿದೆ. ವಿಳಾಸವನ್ನು ನಿಮಗೆ ಮಾತ್ರ ತಿಳಿಸಿದರೆ ಸಾಕೇ ಎಂದು ಕೇಳಿದೆ. ಫೋನ್ ಎತ್ತಿದ ಕಚೇರಿಯ ಹೆಂಗಸು ಗದರಲಿಲ್ಲ. “ಮೋಸ ಹೋದೋರು ಯಾರನ್ನ ಹುಡುಕ್ಬೇಕಮ್ಮ? ಮಾರೋರು ಎಲ್ಲಿ ಸಿಗ್ತಾರೆ ಅಂತ ಎಲ್ರಿಗೂ ಕಾಣ್ಬೇಕು. ಗುಟ್ಟಾಗಿ ನಮಗೆ ಹೇಳಿದ್ರೆ ಸಾಲ್ದು.”

“ಅವ್ರು ಹೇಳೋದು ಸರಿನೇ ಕಣೇ ನೇವೆನಾ,” ಎಂದಳು ಅಕ್ಕ. “ಆದ್ರೆ ಎಲ್ರಿಗೂ ಅಂದ್ರೆ ಅವನಿಗೂ ಅಲ್ವಾ?”

ಅವಳಿಗೆ ಬೇರೆ ಕೆಲಸವಿಲ್ಲ, ಓಡಲು ಬೇರೆ ಊರೂ ಇಲ್ಲ. ಅಂದಿನಿಂದ ಒಂದು ಸಾಲೂ ಹೆಣೆದಿಲ್ಲ. ನಿನ್ನೆ ಬೀನ್ಸ್ ಸಾರು ಕೊಟ್ಟರೆ ಅದು ಆರುವವರೆಗೂ ಚಮಚ ಹಿಡಿದೇ ಕೂತಿದ್ದಳು.

“ಅಂಗಡಿ ನಾನೇ ನಡೆಸ್ತೀನಿ. ನನ್ನ ಹೆಸ್ರು, ನಮ್ಮನೆ ವಿಳಾಸ,” ಎಂದೆ.

“ತಲೆ ಕೆಟ್ಟಿದ್ಯಾ? ನನ್ನ ಹೆಣಿಗೆ ಎಲ್ಲಿದ್ರೂ ಗುರುತು ಹಿಡೀತಾನೆ. ಕಾಲುಚೀಲ ಚಿಕ್ಕದಾಯ್ತು ಅಂತ ಬಾಗಿಲು ತಟ್ಟೋನಲ್ಲ ಅವ್ನು!”

ನನಗೂ ಭಯವಿದೆ. ಹೆಸರಿಗಷ್ಟೇ ನಾನಾದರೆ ಅದೂ ಸುಳ್ಳೇ ಆಗುತ್ತದೆಂದು ನಿಯಮಗಳನ್ನು ಸಾಲು ಸಾಲಾಗಿ ಓದಿದೆ. ಅಕ್ಕ ಹೆಣೆದದ್ದನ್ನು ನಿಜವಾಗಿ ನಾನು ಕೊಂಡು ಮಾರಬೇಕು; ವಾಪಸಿಗೆ, ದೂರಿಗೆ, ದಂಡಕ್ಕೆ ನಾನೇ ಹೊಣೆ. ಮನೆಯಲ್ಲಿ ಜೊತೆಗಿರುವ ನನ್ನ ಅಜ್ಜಿಗೆ ಎಲ್ಲ ಹೇಳಿದೆ. ಅವಳು, “ಬಾಗಿಲಿಗೆ ಇನ್ನೊಂದು ಚಿಲ್ಕ ಹಾಕ್ಸು,” ಎಂದಳು. ಅಕ್ಕ ಮಾತ್ರ ಇನ್ನೂ ಒಪ್ಪಿಲ್ಲ. ಉಳಿದಿರುವುದು ಮೂರು ದಿನ.

ಹೋದ ತಿಂಗಳು ನನಗೆ ಹದಿನೆಂಟು ತುಂಬಿತು. ನಾಳೆ ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಜಿಲ್ಲಾ ಕೇಂದ್ರವಾದ ಲೋವೆಚ್‌ಗೆ ಹೋಗಿ, ನಮ್ಮ ಮನೆಯ ವಿಳಾಸ ಕೊಟ್ಟು, ನನ್ನ ಹೆಸರನ್ನು ವ್ಯಾಪಾರಿಯೆಂದು ನೋಂದಾಯಿಸುತ್ತೇನೆ.