ಎರಡಕ್ಷರದ ವಿಳಾಸ

ಅಂಗಿಯ ಗುಂಡಿ ಮಾರುವ ನಮ್ಮ ಬೀದಿಯ ಅಂಗಡಿಯಾತನಿಗೆ ಸ್ವಂತ ವೆಬ್‌ಸೈಟ್ ಆದಂದಿನಿಂದ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ನಾಲ್ಕೇ ಗುಂಡಿ ಕೊಳ್ಳಲು ಹೋದವರಿಗೂ ಮೊದಲು ಅದರ ವಿಳಾಸ ಓದಿಸಿ, ಕೊನೆಯ ಚುಕ್ಕಿಯ ಮುಂದೆ ನಿಂತ ನಮ್ಮ ದೇಶದ ಗುರುತಾದ ಎರಡಕ್ಷರಗಳ ಮೇಲೆ ಬೆರಳಿಡುತ್ತಾನೆ. "ದಿಕ್ಕುದೆಸೆ ಇಲ್ಲದ ವಿಳಾಸ ನಂಗ್ಯಾಕೆ? ನೋಡಿದ ತಕ್ಷಣ ಅಂಗಡಿ ಯಾವ ದೇಶದ್ದು ಅಂತ ಗೊತ್ತಾಗ್ಬೇಕು!" ಹೊಸ ಗುಂಡಿಯ ಫೋಟೋ ತೆಗೆಯುವಾಗ ಆ ಗುಂಡಿಗೇ "ಸ್ವಲ್ಪ ನಗಮ್ಮಾ" ಎಂದದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಬೆಳಿಗ್ಗೆ ಶಟರ್ ಎತ್ತಿದವನೇ ಕಂಪ್ಯೂಟರಿನ ಪರದೆಯನ್ನೂ ಹೊಸ್ತಿಲಿನಂತೆ ಒರೆಸುತ್ತಾನೆ. ಮಧ್ಯಾಹ್ನ ಒಂದಾಯಿತೆಂದರೆ ಬಾಗಿಲಿಗೆ ನೇತುಹಾಕುವ 'ಊಟಕ್ಕೆ ಹೋಗಿದ್ದೇನೆ' ಬೋರ್ಡನ್ನು ವೆಬ್‌ಸೈಟಿಗೂ ಹಾಕುತ್ತಾನೆ. "ಅದನ್ನೂ ಯಾಕ್ರೀ ಮುಚ್ತೀರಾ?" ಎಂದು ಪಕ್ಕದ ದರ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕರೆ, "ಬಂದೋರು ಸುಮ್ನೆ ಕಾಯ್ಬಾರ್ದಲ್ಲ" ಎನ್ನುತ್ತಾನೆ. ಆ ಹೊತ್ತಿಗೆ ವೆಬ್‌ಸೈಟಿಗೆ ತಪ್ಪದೆ ಬರುವವರು ಒಬ್ಬರೇ ಎಂದು ಮೊನ್ನೆ ತಾನಾಗಿಯೇ ಬಾಯಿಬಿಟ್ಟ. ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿದ ಅಕ್ಕ ಈಗ ದೂರದ ದೇಶದಲ್ಲಿದ್ದಾಳೆ. ಇಲ್ಲಿ ಒಂದು ಗಂಟೆಯಾದಾಗ ಅಲ್ಲಿ ಆಗಷ್ಟೇ ಬೆಳಗಾಗಿರುತ್ತದೆ. ಎದ್ದವಳೇ ಅವಳು ಆ ಎರಡಕ್ಷರದ ವಿಳಾಸ ತೆರೆಯುತ್ತಾಳೆ. ತಮ್ಮ ಊಟಕ್ಕೆ ಹೋದನೆಂದು ಖಾತ್ರಿಯಾದ ಮೇಲೆಯೇ ತನ್ನ ಕಾಫಿಗೆ ಒಲೆ ಹಚ್ಚುತ್ತಾಳೆ.